ಕರಿಬೇವಿಗೆ ವೀಸಾ ಬೇಡವೇ?

ಮೊನ್ನೆ ಶನಿವಾರ ಗೆಳತಿಯೊಬ್ಬಳ ಮನೆಗೆ ಊಟಕ್ಕೆ ಹೋಗಿದ್ದೆವು. ಇಲ್ಲಿ ಕ್ಯಾಲಿಫೋರ್ನಿಯಾದ ಸನ್ನಿವೇಲ್ ಕಡೆ ನಾಲ್ಕು ಕನ್ನಡದ ಮನೆಯವರು ಸೇರಿದರೆ ಮಾತು ಎಲ್ಲೆಲ್ಲಿ ಸುತ್ತಿ ಎಲ್ಲಿಗೆ ಬರುತ್ತದೆ ಅಂತ ಹೊರದೇಶದಲ್ಲಿರುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೊದಲು ಕೆಲಸ, ಆಮೇಲೆ ಗ್ರೀನ್ ಕಾರ್ಡು, ಆಮೇಲೆ ಮಕ್ಕಳ ಕಾಲೇಜು. ಬಿಸಿಬೇಳೆಬಾತನ್ನು ಎರಡನೇ ಸಲ ಬಡಿಸಿಕೊಳ್ಳುವ ಹೊತ್ತಿಗೆ ಎಲ್ಲರೂ ಹಿತ್ತಿಲಿಗೆ ಬಂದಿರುತ್ತೇವೆ! ಯಾರ ಮನೆಯ ದಾಸವಾಳ ಎಷ್ಟು ಹೂ ಬಿಟ್ಟಿತು, ಯಾರ ಬಸಳೆ ಚಪ್ಪರ ಹತ್ತಿತು, ಯಾರ ಕರಿಬೇವು ಚಳಿಗೆ ಬೋಳಾಯಿತು... ಹೀಗೆ.

ಅವತ್ತು, ವಾರದ ಹಿಂದಷ್ಟೇ ಊರಿಂದ ಮರಳಿದ್ದ ಮಿತ್ರರೊಬ್ಬರು ಒಂದು ಸಾಹಸದ ಕಥೆ ಹೇಳಿದರು. ಮಾವನ ಮನೆಯ ಹಿತ್ತಿಲಿನಿಂದ ಎರಡು ಕರಿಬೇವಿನ ಮರಿ ಕಿತ್ತು, ಬೇರಿಗೆ ಒದ್ದೆ ಬಟ್ಟೆ ಸುತ್ತಿ, ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ, ಹೆಂಡತಿಯ ಸೀರೆಗಳ ನಡುವೆ ಇಟ್ಟು ತಂದರಂತೆ. ವಿಮಾನ ನಿಲ್ದಾಣದಲ್ಲಿ ನಾಯಿ ಪಕ್ಕದವರ ಬ್ಯಾಗಿಗೆ ಮೂಗು ಹಚ್ಚಿತಂತೆ, ಇವರದನ್ನು ಬಿಟ್ಟಿತಂತೆ. "ಆ ನಾಯಿಗೆ ಒಗ್ಗರಣೆ ಗೊತ್ತಿಲ್ಲ ಬಿಡಿ" ಅಂದರು. ಎಲ್ಲರೂ ನಕ್ಕೆವು. ಬೇರಲ್ಲಿ ಮರಿ ಎದ್ದರೆ ನಮಗೊಂದು ಅಂತ ಇಬ್ಬರು ಆಗಲೇ ಹೆಸರು ಬರೆಸಿಯೂ ಆಯಿತು.

ನಾನೂ ನಕ್ಕೆ. ಮನೆಗೆ ಬರುವ ದಾರಿಯಲ್ಲಿ ಮಾತ್ರ ನನ್ನ ಮೇಲೆ ನನಗೇ ಸಿಟ್ಟು ಬಂತು. ಅಲ್ಲಿ ಹೇಳಬೇಕಿದ್ದ ಒಂದು ಮಾತನ್ನು ಹೇಳಲಿಲ್ಲ. ಹೇಳುವ ಮುಖವೂ ನನಗಿರಲಿಲ್ಲ ಅನ್ನಿ. ಯಾಕೆಂದರೆ ಅದೇ ಕೆಲಸ ನಮ್ಮ ಮನೆಯಲ್ಲೂ ಆಗಿದೆ. ಅದಕ್ಕೇ ಇವತ್ತು ಇಲ್ಲಿ ಬರೆಯುತ್ತಿದ್ದೇನೆ.

2011ರಲ್ಲಿ ಅವ್ವ ಮೊದಲ ಸಲ ಇಲ್ಲಿಗೆ ಬಂದಳು. ನಮ್ಮದು ಕೊಡಗಿನ ಉತ್ತರದ ತುದಿ, ಕೊಡ್ಲಿಪೇಟೆ ಕಡೆಯ ಹಳ್ಳಿ. ಬಂದ ರಾತ್ರಿಯೇ ಸೂಟ್‌ಕೇಸ್ ಬಿಚ್ಚಿ ಕೂತಳು. ಚಟ್ನಿಪುಡಿ, ಹಪ್ಪಳ, ಕಾಫಿಪುಡಿ ಎಲ್ಲ ಹೊರಗೆ ಬಂದ ಮೇಲೆ ತಳದಿಂದ ಹಳೇ ಲಂಗದಲ್ಲಿ ಸುತ್ತಿದ ಒಂದು ಗಂಟು ಬಂತು. "ಇದೇನವ್ವಾ?" ಅಂದೆ. "ಸಾರಿಗೆ ಘಮ ಇಲ್ಲ, ಘಮ ಇಲ್ಲ ಅಂತ ಫೋನಲ್ಲಿ ಗೋಳಾಡ್ತಿದ್ಯಲ್ಲ, ತಗೋ" ಅಂದಳು. ಗೇಣುದ್ದದ ಕರಿಬೇವಿನ ಗಿಡ! ಎಲೆ ಬಾಡಿ ಜೋತುಬಿದ್ದಿತ್ತು, ಆದರೆ ಬೆರಳಲ್ಲಿ ತಿಕ್ಕಿದರೆ ನಮ್ಮ ಹಿತ್ತಿಲೇ ಮೂಗಿಗೆ ಬಂತು. ವಿಮಾನದಲ್ಲಿ ಕೊಟ್ಟ ಕಸ್ಟಮ್ಸ್ ಫಾರಂ ಅನ್ನು ಪಕ್ಕದ ಸೀಟಿನ ಹುಡುಗ ತುಂಬಿಕೊಟ್ಟನಂತೆ. ಗಿಡ, ಹಣ್ಣು, ಮಣ್ಣು ಏನಾದರೂ ಇದೆಯೇ ಎಂಬ ಪ್ರಶ್ನೆಗೆ ಇಲ್ಲ ಅಂತ ಗುರುತು ಹಾಕಿದ್ದ. ಅವ್ವ ಕೆಳಗೆ ಸಹಿ ಹಾಕಿದ್ದಳು.

ನನಗೆ ಅದು ತಪ್ಪು ಅಂತ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಸಿಗ್ನಲ್ ಇಲ್ಲದ ರಸ್ತೆಯಲ್ಲಿ ವೇಗವಾಗಿ ಹೋದಷ್ಟೇ ತಪ್ಪು ಅಂದುಕೊಂಡಿದ್ದೆ. ಸಿಕ್ಕಿಬಿದ್ದರೆ ದಂಡ, ಇಲ್ಲದಿದ್ದರೆ ಒಂದು ಒಳ್ಳೆಯ ಕಥೆ. ಗಿಡವನ್ನು ಕುಂಡದಲ್ಲಿಟ್ಟು, ವಾರಕ್ಕೊಮ್ಮೆ ಹುಳಿ ಮಜ್ಜಿಗೆ ನೀರು ಕುಡಿಸಿ ಕೂಸಿನಂತೆ ಸಾಕಿದೆ. ಎರಡು ವರ್ಷಕ್ಕೆ ಸೊಂಟದೆತ್ತರ ಬಂತು. ಬಂದವರಿಗೆಲ್ಲ "ನಮ್ಮ ಊರಿನದೇ" ಅಂತ ಜಂಬದಿಂದ ಒಂದೊಂದು ಎಸಳು ಮುರಿದುಕೊಡುತ್ತಿದ್ದೆ. ಸ್ಯಾಕ್ರಮೆಂಟೋದ ಗೆಳತಿ ಒಂದು ಚೀಲ ತುಂಬಿಕೊಂಡು ಹೋಗಿದ್ದೂ ಉಂಟು.

2013ರ ಬೇಸಿಗೆಯಲ್ಲಿ ಒಬ್ಬರು ಬಾಗಿಲು ಬಡಿದರು. ಸರ್ಕಾರದ ಕಡೆಯವರು, ಕೈಯಲ್ಲಿ ಅಂಟು ಬಳಿದ ಹಳದಿ ಕಾರ್ಡು. ನಮ್ಮ ನಿಂಬೆ ಮರಕ್ಕೆ ಅದನ್ನು ನೇತುಹಾಕಬಹುದೇ ಅಂತ ಕೇಳಿದರು. ಒಂದು ಕೀಟ ಬಂದಿದೆಯೋ ಅಂತ ಊರೆಲ್ಲ ನೋಡುತ್ತಿದ್ದಾರಂತೆ. ಹಾಕಿ ಅಂದೆ. ಹೋಗುವಾಗ ಒಂದು ಕರಪತ್ರ ಕೊಟ್ಟು ಹೋದರು. ಕಾಫಿ ಕುಡಿಯುತ್ತಾ ಓದಿದೆ. ಕೀಟ ಯಾವ ಯಾವ ಗಿಡದ ಮೇಲೆ ಇರುತ್ತದೆ ಅನ್ನುವ ಪಟ್ಟಿ ಇತ್ತು. ಕಿತ್ತಳೆ, ಮೋಸಂಬಿ, ನಿಂಬೆ, ಚಕ್ಕೋತ... ಕೊನೆಯಲ್ಲಿ, ಕರಿಬೇವು.

ಕರಿಬೇವು ನಿಂಬೆ-ಕಿತ್ತಳೆಗಳ ಕುಟುಂಬದ್ದೇ ಗಿಡ. ನಮಗೆ ಅದು ಒಗ್ಗರಣೆ ಸೊಪ್ಪು ಅಷ್ಟೇ ಆದ್ದರಿಂದ ಈ ನೆಂಟಸ್ತನ ಹೊಳೆಯುವುದಿಲ್ಲ. ಆ ಕೀಟದ ಹೆಸರು ಸಿಲ್ಲಿಡ್. ಮೂರು-ನಾಲ್ಕು ಮಿಲಿಮೀಟರ್ ಉದ್ದ, ಅಕ್ಕಿಯ ನುಚ್ಚಿನಷ್ಟು. ಎಳೆ ಚಿಗುರಿನ ಮೇಲೆ ತಲೆ ತಗ್ಗಿಸಿ ಬಾಲ ಎತ್ತಿ ಕೂರುತ್ತದೆ, ಅಲ್ಲೇ ಮೊಟ್ಟೆ ಇಡುತ್ತದೆ. ಅದು ಹೀರುವ ರಸದಿಂದ ಆಗುವ ನಷ್ಟ ದೊಡ್ಡದಲ್ಲ. ಅದು ಹೊತ್ತು ತರುವ ಬ್ಯಾಕ್ಟೀರಿಯಾದಿಂದ ಆಗುವುದೇ ದೊಡ್ಡದು. ಆ ಬ್ಯಾಕ್ಟೀರಿಯಾ ಮರದ ಆಹಾರ ಸಾಗಿಸುವ ನಾಳಗಳಲ್ಲಿ ಸೇರಿಕೊಳ್ಳುತ್ತದೆ. ಎಲೆ ಅಲ್ಲಲ್ಲಿ ತೇಪೆ ಹಾಕಿದಂತೆ ಹಳದಿಯಾಗುತ್ತದೆ, ಹಣ್ಣು ಒಂದು ಕಡೆ ಸೊಟ್ಟಗೆ ಚಿಕ್ಕದಾಗಿ ಬೆಳೆದು, ತಳ ಹಸಿರಾಗಿಯೇ ಉಳಿದು ಕಹಿಯಾಗುತ್ತದೆ. ಕೆಲವೇ ವರ್ಷದಲ್ಲಿ ಮರ ಸಾಯುತ್ತದೆ. ಗುಣಪಡಿಸುವ ಮದ್ದಿಲ್ಲ. ಇನ್ನೂ ಕೆಟ್ಟದ್ದೆಂದರೆ, ರೋಗ ಹೊಕ್ಕ ಮರ ಒಂದೆರಡು ವರ್ಷ ಏನೂ ಆಗದಂತೆ ಹಸಿರಾಗಿಯೇ ನಿಂತಿರಬಹುದು. ಚೀನಾದವರು ಇಟ್ಟ ಹೆಸರು ಹುವಾಂಗ್‌ಲಾಂಗ್‌ಬಿಂಗ್. ನಮ್ಮ ಕಡೆ ಗ್ರೀನಿಂಗ್ ರೋಗ ಅನ್ನುತ್ತಾರೆ.

ಕರಿಬೇವಿಗೆ ಈ ರೋಗದ ಬಾಧೆ ಕಾಣುವುದಿಲ್ಲ. ಆದರೆ ಆ ಕೀಟಕ್ಕೆ ಕರಿಬೇವಿನ ಚಿಗುರು ಅಂದರೆ ತವರುಮನೆ ಇದ್ದ ಹಾಗೆ. ಗಿಡ ಆರೋಗ್ಯವಾಗಿಯೇ ಕಾಣುತ್ತದೆ, ಅದರ ಮೇಲೆ ಕೂತು ಬಂದದ್ದು ಪಕ್ಕದ ನಿಂಬೆಗೆ ಹಾರುತ್ತದೆ.

ಫ್ಲಾರಿಡಾದಲ್ಲಿ ಈ ಕೀಟ 1998ರಲ್ಲಿ ಕಾಣಿಸಿತು, ರೋಗ 2005ರಲ್ಲಿ. 2003-04ರ ಹಂಗಾಮಿನಲ್ಲಿ ಅಲ್ಲಿ ಸುಮಾರು 24 ಕೋಟಿ ಪೆಟ್ಟಿಗೆ ಕಿತ್ತಳೆ ಬೆಳೆದಿದ್ದರು. 2022-23ರಲ್ಲಿ ಸುಮಾರು 1.6 ಕೋಟಿ. ನಡುವೆ ಚಂಡಮಾರುತಗಳೂ ಹೊಡೆದವು, ನಿಜ. ಆದರೆ ಬೆನ್ನು ಮುರಿದದ್ದು ಈ ರೋಗವೇ. ಕ್ಯಾಲಿಫೋರ್ನಿಯಾದಲ್ಲಿ ಕೀಟ ಸಿಕ್ಕಿದ್ದು 2008ರಲ್ಲಿ. ರೋಗ ಮೊದಲು ಪತ್ತೆಯಾದದ್ದು 2012ರಲ್ಲಿ, ಲಾಸ್ ಏಂಜಲೀಸ್ ಕೌಂಟಿಯ ಹಸಿಯೆಂಡಾ ಹೈಟ್ಸ್‌ನಲ್ಲಿ. ಎಲ್ಲಿ ಅಂತೀರಿ? ನೂರಾರು ಎಕರೆ ತೋಟದಲ್ಲಿ ಅಲ್ಲ. ಒಂದು ಮನೆಯ ಹಿತ್ತಿಲಿನ ಮರದಲ್ಲಿ.

ಕರಪತ್ರ ಕೆಳಗಿಟ್ಟು ಕಿಟಕಿಯಿಂದ ನೋಡಿದೆ. ಬೇಲಿಯ ಆಚೆ ಪಕ್ಕದ ಮನೆಯ ಮೆಕ್ಸಿಕನ್ ಅಜ್ಜಿಯ ನಿಂಬೆ ಮರ. ಪ್ರತಿ ಚಳಿಗಾಲ ಬೇಲಿಯ ಮೇಲಿಂದ ಒಂದು ಚೀಲ ನಿಂಬೆಹಣ್ಣು ಕೊಡುತ್ತಾರೆ, ನಾನು ಉಪ್ಪಿನಕಾಯಿ ಮಾಡಿ ಒಂದು ಬಾಟಲಿ ತಿರುಗಿ ಕೊಡುತ್ತೇನೆ. ಆ ಮರಕ್ಕೂ ನನ್ನ ಕರಿಬೇವಿನ ಕುಂಡಕ್ಕೂ ನಡುವೆ ಹತ್ತು ಹೆಜ್ಜೆ.

ಅವತ್ತು ರಾತ್ರಿ ಅವ್ವನಿಗೆ ಫೋನು ಮಾಡಿದೆ. ನೇರವಾಗಿ ಹೇಳಲು ಧೈರ್ಯ ಬರಲಿಲ್ಲ. ಅಷ್ಟು ಪ್ರೀತಿಯಿಂದ ತಂದದ್ದು! ರೋಗದ ಲಕ್ಷಣ ವಿವರಿಸತೊಡಗಿದೆ. ಎಲೆ ತೇಪೆ ತೇಪೆ ಹಳದಿ, ಹಣ್ಣು ಸೊಟ್ಟ... ಅವ್ವ ನಡುವೆಯೇ ತಡೆದಳು. "ನಮ್ಮ ಕಿತ್ತಳೆಗೆ ಬಂದಿತ್ತಲ್ಲ, ಅದೇ ಅಲ್ವೇನೇ?"

ಇಲ್ಲಿ ಸ್ವಲ್ಪ ಹಿಂದಿನದನ್ನು ಹೇಳಬೇಕು. ಕೊಡಗಿನ ಕಿತ್ತಳೆ ತಿಂದವರು ಈಗ ಕಡಿಮೆ. ತೆಳ್ಳಗಿನ ಸಿಪ್ಪೆ, ಹಸಿರು-ಹಳದಿ ಬಣ್ಣ, ಸಿಹಿಯ ಹಿಂದೆಯೇ ಒಂದು ಚೂರು ಹುಳಿ. ಕಾಫಿ ತೋಟದ ನಡುವೆ ನೆರಳಿನ ಮರಗಳ ಜೊತೆ ಬೆಳೆಯುತ್ತಿತ್ತು. ನಾನು ಶಾಲೆಗೆ ಹೋಗುವಾಗ ನಮ್ಮ ತೋಟದಲ್ಲಿ ಎಷ್ಟು ಮರ ಇದ್ದವೆಂದರೆ, ಹಣ್ಣಿನ ಕಾಲದಲ್ಲಿ ನಮ್ಮ ಯೂನಿಫಾರ್ಮಿಗೆಲ್ಲ ಸಿಪ್ಪೆಯ ವಾಸನೆ. ಎಂಬತ್ತರ ದಶಕದಲ್ಲಿ ಒಂದೊಂದೇ ಮರ ಹಳದಿಯಾಗಿ ಸೊರಗಿದವು. ಅಪ್ಪ ಚೆಟ್ಟಳ್ಳಿಯ ತೋಟಗಾರಿಕೆ ಸಂಶೋಧನಾ ಕೇಂದ್ರಕ್ಕೂ ಹೋಗಿ ಕೇಳಿಕೊಂಡು ಬಂದರು. ಕೊನೆಗೆ ಕಡಿಯುವುದೇ ದಾರಿಯಾಯಿತು. ಕಡಿಸಿದ ದಿನ ಅಪ್ಪ ಮಧ್ಯಾಹ್ನ ಊಟಕ್ಕೆ ಬರಲಿಲ್ಲ. ಆ ಜಾಗಕ್ಕೆಲ್ಲ ಸಿಲ್ವರ್ ಓಕ್ ಹಾಕಿ ಮೆಣಸು ಹಬ್ಬಿಸಿದರು.

ಕೊಡಗಿನ ಕಿತ್ತಳೆ ಹಾಳಾಗಲು ಕಾರಣ ಒಂದೇ ಅಲ್ಲ. ಟ್ರಿಸ್ಟೆಝಾ ಎಂಬ ವೈರಸ್ ಇತ್ತು, ಕಾಫಿಗೆ ಬೆಲೆ ಬಂದಾಗ ಕಿತ್ತಳೆಯನ್ನು ನಾವೇ ಅಲಕ್ಷ್ಯ ಮಾಡಿದ್ದೂ ಇತ್ತು. ಆದರೆ ಗ್ರೀನಿಂಗ್ ಆ ಪಟ್ಟಿಯಲ್ಲಿ ಮೇಲಿನ ಸಾಲಿನಲ್ಲೇ ಇದೆ. ಆಮೇಲೆ ಕೊಡಗಿನ ಕಿತ್ತಳೆಗೆ ಭೌಗೋಳಿಕ ಸೂಚಿಕೆಯ ಗೌರವವೂ ಸಿಕ್ಕಿತು, ಆದರೆ ಅಷ್ಟರಲ್ಲಿ ಮರಗಳೇ ಅಪರೂಪವಾಗಿದ್ದವು. ಕಳೆದ ಸಲ ಊರಿಗೆ ಹೋದಾಗ ಮಡಿಕೇರಿ ರಸ್ತೆಬದಿಯಲ್ಲಿ ನಾನು ಕೊಂಡ ಕಿತ್ತಳೆ ನಾಗಪುರದ್ದು!

ಫೋನಿನಲ್ಲಿ ಅವ್ವ ಒಂದು ಕ್ಷಣ ಸುಮ್ಮನಿದ್ದಳು. ಆಮೇಲೆ, "ಅದರಲ್ಲಿ ಹುಳ ಇರುತ್ತೆ ಅಂತ ನಂಗೇನು ಗೊತ್ತು ಮಗಾ. ಕಿತ್ತಾಕು ಅದನ್ನ. ಒಂದು ಗಿಡ ಹೋದ್ರೆ ಹೋಯ್ತು. ಆ ಅಜ್ಜಿ ಮರ ಹೋದ್ರೆ ನೀನು ತಂದುಕೊಡ್ತೀಯಾ?" ಅಂದಳು.

ಮರುದಿನ ಕೌಂಟಿಯ ಕೃಷಿ ಕಚೇರಿಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಒಬ್ಬ ಹೆಂಗಸು ಬಂದರು. ಭೂತಗನ್ನಡಿ ಹಿಡಿದು ಚಿಗುರು ಚಿಗುರೂ ನೋಡಿ, ಎರಡು ಚೀಲದಲ್ಲಿ ಕಟ್ಟಿ ಗಿಡವನ್ನು ಒಯ್ದರು. ಬೈಯಲಿಲ್ಲ, ದಂಡ ಹಾಕಲಿಲ್ಲ. ಫೋನು ಮಾಡಿದ್ದಕ್ಕೆ ಥ್ಯಾಂಕ್ಸ್ ಹೇಳಿದರು. ಒಂದು ವಾರದ ನಂತರ, ಕೀಟವೇನೂ ಸಿಕ್ಕಲಿಲ್ಲ ಎಂದು ತಿಳಿಸಿದರು. ಅಬ್ಬಾ ಅನ್ನಿಸಿತು. ಆದರೆ ನಾನು ಬಚಾವಾದದ್ದು ಬುದ್ಧಿಯಿಂದಲ್ಲ, ಅದೃಷ್ಟದಿಂದ. ಎಲ್ಲರ ಸೂಟ್‌ಕೇಸಿನಲ್ಲೂ ಅದೃಷ್ಟ ಇರುತ್ತದೆ ಅಂತ ಏನು ಗ್ಯಾರಂಟಿ?

ಇಷ್ಟು ಹೇಳಿದಾಗಲೆಲ್ಲ ನನಗೆ ಬರುವ ಉತ್ತರಗಳು ಮೂರು.

ಒಂದು: "ಬಾಬಾ ಬುಡನ್ ಯೆಮನ್‌ನಿಂದ ಏಳು ಬೀಜ ಕದ್ದು ತಂದದ್ದಕ್ಕೇ ತಾನೇ ನೀವು ಕೊಡಗಿನವರು ಬದುಕಿದ್ದು?" ಒಳ್ಳೆಯ ಪ್ರಶ್ನೆ. ಮೆಣಸಿನಕಾಯಿ, ಆಲೂಗಡ್ಡೆ, ಟೊಮೇಟೊ, ಸೀಬೆ, ಸಪೋಟ, ಗೋಡಂಬಿ ಎಲ್ಲವೂ ಇದೇ ಅಮೆರಿಕ ಖಂಡಗಳಿಂದ ನಮ್ಮಲ್ಲಿಗೆ ಬಂದವು. ಗಿಡಗಳು ಊರೂರು ಅಲೆಯುವುದನ್ನು ನಾನು ಬೇಡ ಅನ್ನುತ್ತಿಲ್ಲ. ಆದರೆ ಕಥೆಯ ಅರ್ಧ ಮಾತ್ರ ಹೇಳಬೇಡಿ. ಕಾಫಿ ಹೋದ ಕಡೆ ಎಲೆ ತುಕ್ಕು ರೋಗವೂ ಹೋಯಿತು. 1869ರಲ್ಲಿ ಸಿಲೋನಿನಲ್ಲಿ ಕಾಣಿಸಿಕೊಂಡ ಆ ರೋಗ ಅಲ್ಲಿನ ಕಾಫಿಯನ್ನೇ ಮುಗಿಸಿತು, ಆ ದ್ವೀಪ ಚಹಾಕ್ಕೆ ತಿರುಗಿದ್ದು ಹಾಗೆ. ಅಂದಕ್ಕೆ ಅಂತ ಬ್ರಿಟಿಷರು ತಂದ ಲಂಟಾನ ಇವತ್ತು ನಮ್ಮ ಬಂಡೀಪುರವನ್ನು ಹೇಗೆ ಮುತ್ತಿಕೊಂಡಿದೆ ಅಂತ ನೋಡಿದವರಿಗೆ ಗೊತ್ತು. ಅದನ್ನು ತಂದವರೂ ಯಾರನ್ನೂ ಹಾಳುಮಾಡಬೇಕೆಂದು ತಂದಿರಲಿಲ್ಲ.

ಎರಡು: "ನಮ್ಮ ಒಂದು ಗಿಡದಿಂದ ಏನಾಗುತ್ತದೆ?" ಹಸಿಯೆಂಡಾ ಹೈಟ್ಸ್‌ನದೂ ಒಂದೇ ಮರ.

ಮೂರು: "ಇದೆಲ್ಲ ದೊಡ್ಡ ತೋಟದ ಕಂಪನಿಗಳ ಹಿತಕ್ಕೆ ಮಾಡಿದ ಕಾನೂನು." ಇರಬಹುದು, ಅವರಿಗೂ ಲಾಭ ಇದೆ. ಆದರೆ ಕಂಪನಿಗೆ ಮದ್ದು ಹೊಡೆಯಲು ದುಡ್ಡಿದೆ, ಬೇರೆ ಬೆಳೆಗೆ ಹೋಗಲು ದಾರಿಯಿದೆ. ಪಕ್ಕದ ಮನೆಯ ಅಜ್ಜಿಗೆ ಇರುವುದು ಒಂದೇ ಮರ. ನಮ್ಮ ಅಪ್ಪನೂ ಕಂಪನಿಯಾಗಿರಲಿಲ್ಲ.

2019ರಲ್ಲಿ ರಿವರ್‌ಸೈಡ್‌ಗೆ ಹೋಗಿದ್ದಾಗ ಅಲ್ಲಿನ ಪ್ರಸಿದ್ಧ ನೇವಲ್ ಕಿತ್ತಳೆ ಮರ ನೋಡಿದೆ. ಬ್ರೆಜಿಲ್ ಮೂಲದ ಈ ತಳಿಯ ಗಿಡ 1870ರ ದಶಕದಲ್ಲಿ ಇಲ್ಲಿಗೆ ಬಂತು. ಕ್ಯಾಲಿಫೋರ್ನಿಯಾದ ಕಿತ್ತಳೆ ಉದ್ಯಮವೇ ಅದರಿಂದ ಬೆಳೆಯಿತು ಅನ್ನಬಹುದು. ಆ ಮುದಿ ಮರವನ್ನು ಸಿಲ್ಲಿಡ್‌ನಿಂದ ಕಾಪಾಡಲು ಸುತ್ತಲೂ ಪರದೆ ಕಟ್ಟಿದ್ದರು. ಕಾಯಿಲೆಯ ಅಜ್ಜನನ್ನು ಸೊಳ್ಳೆಪರದೆಯಲ್ಲಿ ಮಲಗಿಸಿದ ಹಾಗೆ. ನನಗೆ ಅಲ್ಲಿ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ.

ಇನ್ನೊಂದು ವಿಷಯ ಕೇಳಿ. ಅವ್ವನ ಗಿಡ ಬಂದ ಅದೇ 2011ರ ಡಿಸೆಂಬರ್‌ನಲ್ಲಿ ನಮ್ಮ ಕಡೆಯದೇ ಇನ್ನೊಂದು ಜೀವಿಯನ್ನು ಕ್ಯಾಲಿಫೋರ್ನಿಯಾದಲ್ಲಿ ಬಿಟ್ಟರು. ಟಮಾರಿಕ್ಸಿಯಾ ಎಂಬ ಸೂಜಿಮೊನೆಯಷ್ಟು ಚಿಕ್ಕ ಕಣಜ. ಸಿಲ್ಲಿಡ್ ಮರಿಗಳ ಅಡಿಯಲ್ಲಿ ಮೊಟ್ಟೆ ಇಟ್ಟು ಅವನ್ನು ಕೊಲ್ಲುತ್ತದೆ. ರಿವರ್‌ಸೈಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅದನ್ನು ಪಾಕಿಸ್ತಾನದ ಪಂಜಾಬಿನಿಂದ ತಂದು, ಬಂದೋಬಸ್ತಿನ ಕೋಣೆಯಲ್ಲಿಟ್ಟು, ಇಲ್ಲಿನ ಬೇರೆ ಕೀಟಗಳಿಗೆ ತೊಂದರೆ ಕೊಡುವುದಿಲ್ಲ ಅಂತ ಪರೀಕ್ಷೆ ಮಾಡಿದ ಮೇಲೆಯೇ ಹೊರಗೆ ಬಿಟ್ಟದ್ದು. ಅಂದರೆ ಸೂಜಿಮೊನೆಯಷ್ಟು ಕಣಜವೂ ಕಾಗದಪತ್ರ ಸರಿಮಾಡಿಕೊಂಡು ಬಂತು! ನಾವೂ ಹಾಗೆಯೇ ಬಂದವರಲ್ಲವೇ? ಬೆರಳಚ್ಚು ಕೊಟ್ಟು, ವೈದ್ಯಕೀಯ ಪರೀಕ್ಷೆ ಮಾಡಿಸಿ, ವರ್ಷಗಟ್ಟಲೆ ಸಾಲಿನಲ್ಲಿ ನಿಂತು. ಕರಿಬೇವಿಗೆ ಮಾತ್ರ ಯಾಕೆ ಕಳ್ಳದಾರಿ?

ಹಾಗಾದರೆ ಊರಿನ ಘಮ ಬೇಡವೇ? ಬೇಕು, ಖಂಡಿತ ಬೇಕು. ನಾನೂ ಈಗ ಕರಿಬೇವು ಬೆಳೆಯುತ್ತಿದ್ದೇನೆ. ಪರವಾನಗಿ ಇರುವ ನರ್ಸರಿಯಿಂದ, ಚೀಟಿ ಅಂಟಿಸಿದ ಗಿಡ ತಂದೆ. ಒಗ್ಗರಣೆಯಲ್ಲಿ ಅದೂ ಅಷ್ಟೇ ಚೆನ್ನಾಗಿ ಸಿಡಿಯುತ್ತದೆ. ಕಲಿತದ್ದನ್ನು ಚುಟುಕಾಗಿ ಹೇಳುತ್ತೇನೆ, ಹೊಸಬರಿಗೆ ಉಪಯೋಗವಾದೀತು. ನೀರು ಬಸಿದುಹೋಗುವ ಕುಂಡ, ದಿನವಿಡೀ ಬಿಸಿಲು. ರಾತ್ರಿ 10 ಡಿಗ್ರಿಗಿಂತ ಕೆಳಗಿಳಿದರೆ ಒಳಗೆ ಅಥವಾ ಗೋಡೆಯ ಮರೆಗೆ. ಚಳಿಗಾಲದಲ್ಲಿ ಎಲೆ ಉದುರಿದರೆ ಸತ್ತಿತು ಅಂತ ಗಾಬರಿಯಿಂದ ನೀರು ಸುರಿಯಬೇಡಿ, ಬೇರು ಕೊಳೆಯುವುದು ಹಾಗೆಯೇ. ಬಿಸಿಲು ಏರಿದಾಗ ತಾನೇ ಚಿಗುರುತ್ತದೆ. ತುದಿ ಚಿವುಟಿದರೆ ಕವಲು ಒಡೆಯುತ್ತದೆ, ಹೂಗೊಂಚಲು ತೆಗೆದರೆ ಸೊಪ್ಪು ಹೆಚ್ಚು. ಮಜ್ಜಿಗೆ ಹಾಕುವವರು ನೀರಾಗಿಸಿ ಹಾಕಿ, ಮನೆಯೊಳಗಿನ ಕುಂಡಕ್ಕೆ ಬೇಡ, ವಾಸನೆ ಮತ್ತು ಸಣ್ಣ ನೊಣ ಗ್ಯಾರಂಟಿ :) ಚಿಗುರನ್ನು ವಾರಕ್ಕೊಮ್ಮೆ ತಿರುವಿ ನೋಡಿ. ಹಳದಿ ಮರಿಗಳು, ಅವುಗಳಿಂದ ಬಿಳಿಯ ಮೇಣದ ಎಳೆ ಸುರುಳಿಯಾಗಿ ಹೊರಬರುತ್ತಿದ್ದರೆ ತಡಮಾಡದೆ ಕೃಷಿ ಕಚೇರಿಗೆ ತಿಳಿಸಿ. ನನ್ನ ಹಾಗೆ ಸೊಪ್ಪನ್ನು ಚೀಲ ತುಂಬಿ ಬೇರೆ ಊರಿಗೆ ಕಳಿಸಬೇಡಿ.

ಬೀಜದ ಆಸೆ ಇದ್ದವರಿಗೆ, ಎಷ್ಟೋ ತರಕಾರಿ-ಹೂವಿನ ಬೀಜಗಳನ್ನು ಅಲ್ಪ ಪ್ರಮಾಣದಲ್ಲಿ ತರಿಸಿಕೊಳ್ಳಲು ಇಲ್ಲಿನ ಕೃಷಿ ಇಲಾಖೆಯ ಪರ್ಮಿಟ್ ಇದೆ. ಮೊದಲೇ ಅರ್ಜಿ ಹಾಕಬೇಕು ಅಷ್ಟೇ. ಊರಿಂದ ಹಿರಿಯರು ಬರುವಾಗ ಅವರಿಗೆ ಮೊದಲೇ ಹೇಳಿ. ಅಕಸ್ಮಾತ್ ಏನಾದರೂ ತಂದಿದ್ದರೆ ಕೌಂಟರಿನಲ್ಲಿ ಬಾಯಿಬಿಟ್ಟು ಹೇಳಲಿ. ಹೇಳಿದರೆ ತೆಗೆದಿಟ್ಟುಕೊಂಡು ಕಳಿಸುತ್ತಾರೆ, ಮುಚ್ಚಿಟ್ಟು ಸಿಕ್ಕಿಬಿದ್ದರೆ 1000 ಡಾಲರ್‌ವರೆಗೆ ದಂಡ.

ಇನ್ನೂ ಒಂದು ಮಾತು. ಈ ಕಣಿವೆ ಕಂಪ್ಯೂಟರಿಗಿಂತ ಮೊದಲು ಹಣ್ಣಿನ ತೋಟಗಳಿದ್ದ ಜಾಗ. ಸನ್ನಿವೇಲ್‌ನಲ್ಲಿ ಹಳೆಯ ನೆನಪಿಗೆ ಅಂತ ಒಂದು ಏಪ್ರಿಕಾಟ್ ತೋಟವನ್ನು ಇವತ್ತಿಗೂ ಉಳಿಸಿಕೊಂಡಿದ್ದಾರೆ. ಅಂಜೂರ, ದಾಳಿಂಬೆ, ಪರ್ಸಿಮನ್ ಇಲ್ಲಿ ಕೈತೊಳೆದ ನೀರಿಗೂ ಬೆಳೆಯುತ್ತವೆ. ಅವಕ್ಕೆ ಜಾಗ ಕೊಡದೆ, ಚಳಿಗೆ ಪ್ರತಿ ವರ್ಷ ಸಾಯುವ ಮಾವಿನ ಗಿಡಕ್ಕೆ ಕಂಬಳಿ ಹೊದಿಸುತ್ತಾ ಕೂತಿದ್ದೆ ನಾನು, ಎಷ್ಟೋ ವರ್ಷ! ಹಿತ್ತಿಲನ್ನು ಊರಿನ ಫೋಟೋದಂತೆ ಮಾಡಿಕೊಳ್ಳುವ ಹಟ ಬಿಟ್ಟ ಮೇಲೆಯೇ ನನಗೆ ಈ ಮಣ್ಣಿನ ಜೊತೆ ಮಾತುಕತೆ ಶುರುವಾದದ್ದು. ಈಗ ನಮ್ಮ ಅಂಜೂರದ ಹಣ್ಣು ಬೇಲಿಯಾಚೆ ಹೋಗುತ್ತದೆ, ನಿಂಬೆ ಈಚೆ ಬರುತ್ತದೆ.

ಆ ಮಿತ್ರರಿಗೆ ಇವತ್ತು ಫೋನು ಮಾಡುತ್ತೇನೆ. ನಕ್ಕಿದ್ದು ತಪ್ಪಾಯಿತು ಅಂತ ಹೇಳಿ, ಅವ್ವ ನನಗೆ ಹೇಳಿದ್ದನ್ನೇ ಅವರಿಗೂ ಹೇಳುತ್ತೇನೆ. ಬೇಜಾರಾಗಬಹುದು. ಬರಿಗೈಯಲ್ಲಿ ಹೋಗುವುದಿಲ್ಲ, ನರ್ಸರಿಯಿಂದ ಎರಡು ಕರಿಬೇವಿನ ಗಿಡ ಕೊಂಡುಕೊಂಡೇ ಹೋಗುತ್ತೇನೆ. ಹೆಸರು ಬರೆಸಿದ ಆ ಇಬ್ಬರಿಗೂ ಒಂದೊಂದು.

ನಿಮ್ಮ ಹಿತ್ತಿಲಲ್ಲೂ ಸೂಟ್‌ಕೇಸಿನಲ್ಲಿ ಬಂದ ಗಿಡ ಇದೆಯೇ? ಇದ್ದರೆ ಬೈಯುವವಳು ನಾನಲ್ಲ, ಆ ಅರ್ಹತೆ ನನಗಿಲ್ಲ. ಇವತ್ತು ಸಂಜೆ ಒಮ್ಮೆ ಅದರ ಚಿಗುರು ತಿರುವಿ ನೋಡಿ. ಆಮೇಲೆ ಬೇಲಿಯಾಚೆ ಯಾರ ಮರ ಇದೆ ಅಂತಲೂ ನೋಡಿ.